ಏರಲು ಮೆಟ್ಟಿಲೇ ಇಲ್ಲದ ಕೆಲಸ

ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕೆಲಸಕ್ಕೆ ಇಟ್ಟುಕೊಂಡವರು ಆಗಾಗ ಒಂದು ಮಾತು ಆಡುತ್ತಾರೆ. ನಮ್ಮ ಕಡೆಯ ಹೆಂಗಸರು ದುಡಿಮೆಗೆ ಹಿಂದೆಮುಂದೆ ನೋಡುವವರಲ್ಲ, ಆದರೆ ಮುಂದೆ ಬರಬೇಕೆಂಬ ಹಟ ಅವರಲ್ಲಿಲ್ಲ. ಸೂಪರ್‌ವೈಸರ್ ಮಾಡುತ್ತೇವೆಂದರೂ ಬೇಡ ಅನ್ನುತ್ತಾರೆ, ತಿಂಗಳ ಸಂಬಳ ಕೈಗೆ ಬಂದರೆ ಅವರಿಗೆ ಸಾಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಮಾತಿನ ಮೊದಲರ್ಧವನ್ನು ಅಲ್ಲಗಳೆಯುವವರು ಸಿಗಲಾರರು. ಬೈರಾಪಟ್ಟಣದಂಥ ಊರುಗಳಲ್ಲಿ ಹಸು, ರೇಷ್ಮೆ ಹುಳದ ಮನೆ, ಹೊಲ ಮೂರನ್ನೂ ನೋಡಿಕೊಂಡು ಕಾರ್ಖಾನೆಯ ಬಸ್ಸಿಗೂ ಹೊತ್ತಿಗೆ ಸರಿಯಾಗಿ ನಿಲ್ಲುವ ಹೆಂಗಸರನ್ನು ಯಾರೂ ಸೋಮಾರಿಗಳೆನ್ನುವುದಿಲ್ಲ. ನನ್ನ ತಕರಾರು ಇರುವುದು ಎರಡನೇ ಅರ್ಧದ ಬಗ್ಗೆ. ಮುಂದೆ ಬರುವ ಆಸೆ ಹುಟ್ಟುವುದು ಮುಂದೆ ಏನಿದೆ ಎಂದು ಕಂಡಾಗ. ಮುಂದೆ ಏನೂ ಇಲ್ಲದ ಕೆಲಸವನ್ನು ಕೊಟ್ಟು, ಅದರಲ್ಲಿ ಆಸೆ ಇಟ್ಟುಕೊಳ್ಳಲಿಲ್ಲವೆಂದು ದುಡಿಯುವವರನ್ನೇ ದೂರುವುದು ಅನ್ಯಾಯ ಮಾತ್ರವಲ್ಲ, ಲೆಕ್ಕದಲ್ಲೂ ತಪ್ಪು.

ಈ ಸೀಮೆಯ ಹಳೆಯ ಕಸುಬು ರೇಷ್ಮೆಯಿಂದಲೇ ನೋಡೋಣ. ಹುಳ ಸಾಕುವ ಮನೆಯಲ್ಲಿ ಸೊಪ್ಪು ಕೊಯ್ಯುವುದು, ಹೊತ್ತುಹೊತ್ತಿಗೆ ಹಾಕುವುದು, ಹಾಸು ಬದಲಿಸುವುದು, ಪೊರೆ ಬಿಡಲು ಜ್ವರಕ್ಕೆ ಕೂತ ಹುಳ ಎದ್ದಿತೋ ಇಲ್ಲವೋ ಎಂದು ಕಣ್ಣಿಡುವುದು, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡುವುದು, ಇವೆಲ್ಲದರಲ್ಲಿ ಹೆಂಗಸರ ಪಾಲೇ ದೊಡ್ಡದು. ಬೆಳೆ ಕೈಗೆ ಹತ್ತುವುದೂ ಕೈ ಕೊಡುವುದೂ ಬಹುಮಟ್ಟಿಗೆ ಈ ಕಣ್ಣಳತೆಯ ಮೇಲೆ ನಿಂತಿದೆ. ಗೂಡು ಬಿಡಿಸಿ ಚೀಲಕ್ಕೆ ತುಂಬುವ ತನಕ ಕೆಲಸ ಅವರದು. ಚೀಲ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟ ಕ್ಷಣದಿಂದ ವ್ಯವಹಾರ ಗಂಡಸರದು. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಎಂದು ಹೆಸರಾದ ಆ ಅಂಗಳದಲ್ಲಿ ದರ ಹಾಕುವವರಲ್ಲಾಗಲಿ, ದರ ಒಪ್ಪುವವರಲ್ಲಾಗಲಿ ಹೆಂಗಸರು ಅಪರೂಪ. ರೇಷ್ಮೆ ಇಲಾಖೆಯ ಪಾಸ್‌ಬುಕ್ಕು ಜಮೀನು ಇದ್ದವರ ಹೆಸರಿಗೆ, ಜಮೀನು ಗಂಡಸರ ಹೆಸರಿಗೆ. 2015–16ರ ಕೃಷಿ ಗಣತಿಯಂತೆ ದೇಶದ ಒಟ್ಟು ಹಿಡುವಳಿದಾರರಲ್ಲಿ ಹೆಣ್ಣುಮಕ್ಕಳು ನೂರಕ್ಕೆ ಸುಮಾರು 14 ಮಾತ್ರ.

ಮಾರುಕಟ್ಟೆಯಿಂದ ಗೂಡು ಹೋಗುವುದು ನೂಲು ಬಿಚ್ಚುವ ಫಿಲೇಚರಿಗೆ. ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯುವ ಕೆಲಸಕ್ಕೆ ಹೆಣ್ಣುಕೈಯೇ ಬೇಕೆಂದು ರೀಲರ್‌ಗಳು ಹೇಳುತ್ತಾರೆ. ಬಿಸಿನೀರಿನಲ್ಲಿ ದಿನವಿಡೀ ನೆನೆದು ಬೆರಳ ಚರ್ಮ ಬೆಳ್ಳಗೆ ಒಡೆದಿರುತ್ತದೆ. ಯಾವ ಗೂಡು ಎಷ್ಟು ಬೇಯಬೇಕು, ಯಾವ ಲಾಟು ಜೊಳ್ಳು, ಎಳೆ ಎಲ್ಲಿ ತುಂಡಾಗುತ್ತದೆ ಎಂಬ ಅರಿವು ಇಪ್ಪತ್ತು ವರ್ಷ ದುಡಿದವಳಿಗೆ ಮಾಲೀಕನಿಗಿಂತ ಹೆಚ್ಚೇ ಇರುತ್ತದೆ. ಆದರೆ ಆ ಅರಿವಿಗೆ ಮುಂದಿನ ಹಂತ ಯಾವುದು? ರೀಲರ್ ಆಗಬೇಕೆಂದರೆ ಇಲಾಖೆಯ ಪರವಾನಗಿ ಬೇಕು, ಶೆಡ್ಡು ಬೇಕು, ಎಲ್ಲಕ್ಕಿಂತ ಮೊದಲು ದಿನಾ ಗೂಡು ಕೊಳ್ಳಲು ಕೈಯಲ್ಲಿ ಕಾಸು ಬೇಕು. ಕೂಲಿ ಹೆಣ್ಣುಮಗಳಿಂದ ಪರವಾನಗಿದಾರಳಾಗುವ ದಾರಿಯಲ್ಲಿ ನಡುವೆ ಯಾವ ಹಂತವೂ ಇಲ್ಲ. ಇಪ್ಪತ್ತನೇ ವರ್ಷದ ಕೂಲಿ ಎರಡನೇ ವರ್ಷದ ಕೂಲಿಯನ್ನೇ ಹೋಲುವ ಕಸುಬಿನಲ್ಲಿ ಮೇಲೇರುವ ಹಟ ಯಾಕಿಲ್ಲ ಎಂದು ಕೇಳುವುದೇ ವಿಚಿತ್ರ. ಚನ್ನಪಟ್ಟಣದ ಬೊಂಬೆ ಕಸುಬು ಇದಕ್ಕೆ ಸ್ವಲ್ಪ ಬೇರೆ. ಹಾಲೆ ಮರವನ್ನು ಕಡೆದು ಅರಗು ಹಚ್ಚುವ ಯಂತ್ರದ ಮುಂದೆ ಕೂರುವುದು ಗಂಡಸಿನ ಕೆಲಸ, ಬಣ್ಣ ಬರೆಯುವುದು, ಜೋಡಿಸುವುದು, ಪ್ಯಾಕ್ ಮಾಡುವುದು ಹೆಂಗಸಿನ ಕೆಲಸ ಎಂಬ ಗೆರೆ ಅಲ್ಲಿ ಇತ್ತು. ತರಬೇತಿ ಕೊಟ್ಟು ಯಂತ್ರದ ಮುಂದೆ ಕೂರಿಸಿದ ಕಡೆಗಳಲ್ಲಿ ಹೆಂಗಸರು ಕಡೆದು ತೋರಿಸಿದರು. ಆ ಗೆರೆ ಸಾಮರ್ಥ್ಯ ಅಳೆದು ಎಳೆದದ್ದಾಗಿರಲಿಲ್ಲ.

ಈಗ ಈ ಸೀಮೆಯ ಹೊಸ ಕಸುಬು, ಗಾರ್ಮೆಂಟ್ಸ್. ಬೆಂಗಳೂರಿನಲ್ಲಿ ಬಾಡಿಗೆ, ಕೂಲಿ ಎರಡೂ ದುಬಾರಿಯಾದ ಹಾಗೆ ಸಿದ್ಧ ಉಡುಪು ಕಾರ್ಖಾನೆಗಳು ಮೈಸೂರು ರಸ್ತೆ, ಕನಕಪುರ ರಸ್ತೆಗಳ ಗುಂಟ ಹೊರಗೆ ಸರಿದವು. ಇವುಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅವರನ್ನು ದುಡಿಸುವ ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್‌ಗಳಲ್ಲಿ ಬಹುಪಾಲು ಗಂಡಸರು. ಹೆಲ್ಪರ್ ಆಗಿ ಸೇರಿ ಟೈಲರ್ ಆದರೆ ಅಲ್ಲಿಗೆ ಬಡ್ತಿಯ ಕಥೆ ಹೆಚ್ಚುಕಡಿಮೆ ಮುಗಿಯಿತು. ಸಂಬಳ ನಿಂತಿರುವುದು ಕನಿಷ್ಠ ಕೂಲಿಯ ಅಧಿಸೂಚನೆಯ ಮೇಲೆ. ಅದರಲ್ಲಿ ಒಂದು ದರ್ಜೆಗೂ ಇನ್ನೊಂದಕ್ಕೂ ಇರುವ ಅಂತರ ದಿನಕ್ಕೆ ಕೆಲವು ರೂಪಾಯಿಗಳದು. ಕಾಲರ್ ಕೂರಿಸುವಂಥ ಕಷ್ಟದ ಕೆಲಸ ಹತ್ತು ವರ್ಷ ಮಾಡಿದವಳೂ ನಿನ್ನೆ ಮೊನ್ನೆ ಸೇರಿದವಳೂ ಸಂಬಳದ ದಿನ ಹತ್ತಿರ ಹತ್ತಿರವೇ ನಿಲ್ಲುತ್ತಾರೆ. ಕನಿಷ್ಠ ಕೂಲಿ ಎಂಬುದು ಯಾರಿಗೂ ಇದಕ್ಕಿಂತ ಕಡಿಮೆ ಕೊಡಬಾರದೆಂದು ಹಾಕಿದ ಗೆರೆ. ಈ ಉದ್ದಿಮೆಯಲ್ಲಿ ಅದೇ ಗರಿಷ್ಠ ಕೂಲಿಯೂ ಆಗಿ ಕೂತಿದೆ.

ಇಂಥ ಕಡೆ ದುಡಿಯುವ ಹೆಣ್ಣುಮಗಳು ಮುಂದಿನ ಬದುಕನ್ನು ಕುರಿತು ಯೋಚಿಸುತ್ತಾಳೋ ಇಲ್ಲವೋ ಎಂಬುದಕ್ಕೆ ದೇಶವೇ ನೋಡಿದ ಸಾಕ್ಷಿಯೊಂದಿದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ (ಪಿಎಫ್) ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲಿನ ವಂತಿಗೆಯನ್ನಷ್ಟೇ ತೆಗೆದುಕೊಳ್ಳಬಹುದು, ಮಾಲೀಕರ ಪಾಲು 58 ವರ್ಷ ತುಂಬುವ ತನಕ ಸಿಗದು ಎಂಬುದು ಹೊಸ ನಿಯಮ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆ ತಡೆದರು. ಅವರನ್ನು ಕರೆತಂದ ದೊಡ್ಡ ಸಂಘವಿರಲಿಲ್ಲ, ಭಾಷಣ ಮಾಡುವ ನಾಯಕರಿರಲಿಲ್ಲ. ಎರಡನೇ ದಿನ ಕತ್ತಲಾಗುವ ಹೊತ್ತಿಗೆ ಸರ್ಕಾರ ಆ ಅಧಿಸೂಚನೆಯನ್ನೇ ಹಿಂತೆಗೆದುಕೊಂಡಿತು. ಆಗ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಕಲ್ಲು ತೂರಾಟ, ಸುಟ್ಟ ಬಸ್ಸು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆ ಸಿಟ್ಟಿನ ಹಿಂದಿನ ಲೆಕ್ಕ. ಕೆಲವು ವರ್ಷ ದುಡಿದು ಕೆಲಸ ಬಿಡುವುದು, ಪಿಎಫ್ ತೆಗೆದು ಮಗಳ ಕಾಲೇಜು ಫೀಸಿಗೋ ಸಾಲ ತೀರಿಸಲೋ ಮನೆ ಕಟ್ಟಲೋ ಹಾಕುವುದು, ಮತ್ತೆ ಇನ್ನೊಂದು ಕಾರ್ಖಾನೆಗೆ ಹೊಸಬಳಾಗಿ ಸೇರುವುದು ಈ ಉದ್ದಿಮೆಯ ರೂಢಿ. ಹೀಗೆ ಬಿಟ್ಟು ಸೇರಿದಾಗ ಸೇವೆಯ ವರ್ಷಗಳು ಕಳೆದುಹೋಗುತ್ತವೆ, ಐದು ವರ್ಷಕ್ಕೆ ಸಿಗುವ ಗ್ರಾಚ್ಯುಟಿಯೂ ಎಷ್ಟೋ ಸಲ ಕೈತಪ್ಪುತ್ತದೆ. ಆದರೂ ಬಿಡುತ್ತಾರೆ, ಯಾಕೆಂದರೆ ಹಿರಿತನಕ್ಕೆ ಬೆಲೆಯಿಲ್ಲದ ಕಡೆ ಅದನ್ನು ಕಾಪಾಡಿಕೊಂಡು ಆಗಬೇಕಾದ್ದೇನೂ ಇಲ್ಲ. ಹತ್ತು ವರ್ಷದ ಮುಂದಿನ ಮಾತನ್ನು ಯೋಚಿಸದವರು ಪಿಎಫ್ ನಿಯಮದ ಒಂದು ಸಾಲಿಗಾಗಿ ಹೆದ್ದಾರಿ ತಡೆಯುವುದಿಲ್ಲ. ಅವರ ಆಸೆ ಕಾರ್ಖಾನೆಯೊಳಗೆ ಜಾಗ ಕಾಣದೆ ಮಕ್ಕಳ ಓದಿನ ಕಡೆಗೆ, ಸೂರಿನ ಕಡೆಗೆ ತಿರುಗಿಕೊಂಡಿತ್ತು. ಸರ್ಕಾರ ಕೈ ಹಾಕಿದ್ದು ಅಲ್ಲಿಗೇ.

ಕೆಲಸದೊಳಗೇ ಜಾಗ ಮಾಡಿಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶಾಧಮ್ ಒಂದು ಪ್ರಯೋಗ ನಡೆಸಿದರು. ಹೆಣ್ಣುಮಕ್ಕಳಿಗೆ ಮಾತುಗಾರಿಕೆ, ಹೊತ್ತಿನ ನಿರ್ವಹಣೆ, ತೊಡಕು ಬಿಡಿಸುವುದು, ಹಣಕಾಸು ಇಂಥ ವಿಷಯಗಳಲ್ಲಿ ತರಬೇತಿ. ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ತರಬೇತಿ ಪಡೆದವರ ಉತ್ಪಾದನೆ ಎದ್ದು ಕಾಣುವಷ್ಟು ಹೆಚ್ಚಿತು. ಕಂಪನಿಗೆ ಹಾಕಿದ ದುಡ್ಡಿನ ಎರಡೂವರೆ ಪಟ್ಟಿನಷ್ಟು ಲಾಭ ವರ್ಷದೊಳಗೇ ಬಂತು. ಹೆಣ್ಣುಮಕ್ಕಳ ಸಂಬಳ ಮಾತ್ರ ಇದ್ದಲ್ಲಿಂದ ಹೆಚ್ಚೇನೂ ಅಲುಗಲಿಲ್ಲ. ಈ ಪ್ರಯೋಗವನ್ನು ಉದ್ಯಮಿಗಳು ತರಬೇತಿಯ ಗೆಲುವೆಂದು ಉದಾಹರಿಸುತ್ತಾರೆ. ಅದು ಗೆಲುವು ಹೌದು. ಆದರೆ ಅದೇ ಅಂಕಿಗಳನ್ನು ಹೆಣ್ಣುಮಕ್ಕಳ ಕಡೆಯಿಂದ ಓದಿ ನೋಡಿ. ಕಲಿತರೆ, ಚುರುಕಾದರೆ, ಹೆಚ್ಚು ಪೀಸ್ ಹೊಲಿದರೆ ಫಲ ತನಗೆ ಬರುವುದಿಲ್ಲ ಎಂಬುದನ್ನು ಅಷ್ಟು ನಿಖರವಾಗಿ ಹೇಳುವ ದಾಖಲೆ ಬೇರೊಂದಿಲ್ಲ. ಅದನ್ನು ಅನುಭವದಿಂದಲೇ ಅರಿತವರು ಟಾರ್ಗೆಟ್ ಮುಗಿಸಿ ಸುಮ್ಮನಿದ್ದರೆ ಅದು ಜಾಣತನ.

ಬಾಂಗ್ಲಾದೇಶದ ಗಾರ್ಮೆಂಟ್ಸ್‌ನಲ್ಲಿ ನಡೆದ ಇನ್ನೊಂದು ಅಧ್ಯಯನ ಸೂಪರ್‌ವೈಸರ್ ಪ್ರಶ್ನೆಗೇ ನೇರವಾಗಿ ಬರುತ್ತದೆ. ಅಲ್ಲೂ ಆ ಹೊತ್ತಿಗೆ ಹೊಲಿಯುವವರಲ್ಲಿ ಐದಕ್ಕೆ ನಾಲ್ವರು ಹೆಂಗಸರು, ಇಪ್ಪತ್ತು ಸೂಪರ್‌ವೈಸರ್‌ಗಳಲ್ಲಿ ಹೆಂಗಸು ಒಬ್ಬಳೋ ಏನೋ. ಹೆಂಗಸರಿಗೂ ಗಂಡಸರಿಗೂ ತರಬೇತಿ ಕೊಟ್ಟು ಲೈನ್‌ಗಳನ್ನು ಒಪ್ಪಿಸಿದರು. ಪರೀಕ್ಷೆಯಲ್ಲಿ ಇಬ್ಬರೂ ಸಮಸಮ. ಆದರೆ ಹೆಂಗಸರ ಕೈಕೆಳಗೆ ದುಡಿಯಬೇಕಾದವರು, ಎಂದರೆ ಮುಖ್ಯವಾಗಿ ಹೆಂಗಸರೇ, ಅವರನ್ನು ಕಡಿಮೆಯೆಂದು ಎಣಿಸಿದರು. ಮೊದಮೊದಲು ಅವರ ಲೈನ್‌ಗಳು ಹಿಂದೆ ಬಿದ್ದವು. ಕೆಲವೇ ತಿಂಗಳಲ್ಲಿ ಆ ಅಂತರ ಅಳಿಸಿಹೋಯಿತು. ಯಾವ ಕಾರ್ಖಾನೆಯವರು ಮೊದಲ ತಿಂಗಳ ಲೆಕ್ಕ ನೋಡಿ, ಇದು ಹೆಂಗಸರ ಕೈಲಿ ಆಗುವ ಕೆಲಸವಲ್ಲ ಎಂದು ಕೈಬಿಡುತ್ತಾರೋ ಅವರಿಗೆ ಈ ಸತ್ಯ ಎಂದೂ ತಿಳಿಯುವುದಿಲ್ಲ. ಕೆಲಸದ ಜಾಗದ ರೂಢಿ ತನ್ನನ್ನು ತಾನೇ ನಿಜವೆಂದು ತೋರಿಸಿಕೊಳ್ಳುವುದು ಹೀಗೆ.

ಕಾರ್ಖಾನೆಯ ಹೊರಗೂ ಇದೇ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಪಂಚಾಯ್ತಿಯಲ್ಲಿ ಮೀಸಲು ಸ್ಥಾನ ಎಂದಾಗ ನಿಲ್ಲುವವರೇ ಸಿಗುವುದಿಲ್ಲ ಎಂದು ನಕ್ಕವರು ಕರ್ನಾಟಕದಲ್ಲಿ ಕಡಿಮೆ ಇರಲಿಲ್ಲ. 1983ರ ಕಾಯ್ದೆಯಂತೆ 1987ರಲ್ಲಿ ನಡೆದ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ನೂರಕ್ಕೆ 25 ಸ್ಥಾನ ಮೀಸಲಿಟ್ಟಾಗ ಅಭ್ಯರ್ಥಿಗಳು ಸಿಕ್ಕರು. ಈಗ ಅದು ಅರ್ಧಕ್ಕೇರಿದೆ, ಈಗಲೂ ಸಿಗುತ್ತಾರೆ. ಹೆಂಡತಿಯ ಹೆಸರಲ್ಲಿ ಗಂಡ ಆಳುವುದು ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ಎಸ್ತರ್ ದುಫ್ಲೊ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯವನ್ನೇ ಅಳೆಯಿತು. ಎರಡು ಅವಧಿಗೆ ಹೆಣ್ಣು ಅಧ್ಯಕ್ಷೆಯನ್ನು ಕಂಡ ಹಳ್ಳಿಗಳಲ್ಲಿ ಹದಿಹರೆಯದ ಹುಡುಗ–ಹುಡುಗಿಯರ ಆಕಾಂಕ್ಷೆಗಳ ನಡುವಿನ ಅಂತರ ನೂರಕ್ಕೆ 32ರಷ್ಟು ತಗ್ಗಿತ್ತು. ಮಕ್ಕಳ ಬಗ್ಗೆ ಅಪ್ಪ ಅಮ್ಮ ಇಟ್ಟುಕೊಂಡ ಆಸೆಯಲ್ಲಿನ ಅಂತರವೂ ನೂರಕ್ಕೆ 25ರಷ್ಟು ಇಳಿದಿತ್ತು. ಆ ಹುಡುಗಿಯರ ಸ್ವಭಾವ ಬದಲಾಗಿರಲಿಲ್ಲ. ಕಣ್ಣೆದುರು ಒಬ್ಬಳು ಆ ಕುರ್ಚಿಯಲ್ಲಿ ಕೂತಿದ್ದಳು, ಅಷ್ಟೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಮೊದಲೇ ಹೇಳಿದ್ದು: ಕೊಟ್ಟರೂ ಅವರೇ ಬೇಡ ಅನ್ನುತ್ತಾರಲ್ಲ? ಅನ್ನುತ್ತಾರೆ, ನಿಜ. ಆದರೆ ಏನನ್ನು ಬೇಡ ಅನ್ನುತ್ತಾರೆ ನೋಡಬೇಕು. ಸೂಪರ್‌ವೈಸರ್ ಎಂದರೆ ಇವತ್ತಿನ ರೂಢಿಯಲ್ಲಿ ಮೇಲಿನವರಿಂದ ಬೈಸಿಕೊಂಡು ಅದನ್ನೇ ಲೈನ್‌ನವರ ಮೇಲೆ ಸುರಿಯುವ ಕೆಲಸ. ಗಂಟೆಗೆ ಇಷ್ಟು ಪೀಸ್ ಎಂದು ಬರೆದ ಬೋರ್ಡಿನ ಮುಂದೆ ನಿಂತು, ಶೌಚಕ್ಕೆ ಎದ್ದವಳನ್ನು ಗದರಿಸಿ, ಲೈನ್ ಖಾಲಿಯಾದ ಮೇಲೂ ಲೆಕ್ಕ ಒಪ್ಪಿಸಲು ಕೂರಬೇಕು. ಹೀಗೆ ಕೂತರೆ ಕಂಪನಿಯ ಬಸ್ಸು ಹೋಗಿರುತ್ತದೆ. ಬೈಗುಳ ತಿನ್ನುವವಳು ಅದೇ ಊರಿನವಳು, ಸಂಬಂಧಿಕಳೂ ಇರಬಹುದು. ಇಷ್ಟೆಲ್ಲಕ್ಕೆ ಸಿಗುವ ಹೆಚ್ಚುವರಿ ಸಂಬಳವನ್ನು ಎದುರಿಗಿಟ್ಟು ತೂಗಿದರೆ ಬೇಡ ಎನ್ನುವುದೇ ಸರಿ ಅನ್ನಿಸುತ್ತದೆ. ಆ ಉತ್ತರದಿಂದ ಆಕೆಗೆ ಆಸೆಯಿಲ್ಲವೆಂದು ತೀರ್ಮಾನಿಸುವ ಬದಲು, ಆ ಹುದ್ದೆಯನ್ನು ಗಂಟಲ ಶಕ್ತಿಯ ಮೇಲೆ ಯಾಕೆ ಕಟ್ಟಿದ್ದೇವೆಂದು ಕೇಳಿಕೊಳ್ಳಬಹುದಿತ್ತು. ಬೈದರಷ್ಟೇ ಕೆಲಸ ಸಾಗುತ್ತದೆ ಎಂಬ ನಂಬಿಕೆಗೆ ಕಾನೂನಿನ ತಡೆಯೂ ಇಲ್ಲದಂತಾಗಿದೆ. 2013ರ ಕಾಯ್ದೆ ಹತ್ತು ಮಂದಿ ಇರುವ ಪ್ರತಿ ಕೆಲಸದ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು ಎಂದಿದೆ; ಆದರೆ ದಿನನಿತ್ಯದ ಏಕವಚನ, ಹೀಯಾಳಿಕೆ ಆ ಸಮಿತಿಯ ತನಕ ಹೋಗುವುದೇ ಇಲ್ಲ. ಅದನ್ನು ಕಿರುಕುಳ ಎಂದು ಯಾರೂ ಕರೆಯುವುದಿಲ್ಲ, ಪ್ರೊಡಕ್ಷನ್ ಎಂದು ಕರೆಯುತ್ತಾರೆ.

ಎರಡನೇ ಆಕ್ಷೇಪ ಮಾಲೀಕರದು. ಮದುವೆ, ಬಾಣಂತನ ಎಂದು ಬಿಟ್ಟುಹೋಗುವವರ ಮೇಲೆ ಹಣ ಹೂಡುವುದು ಹೇಗೆ? ಇದನ್ನು ತಳ್ಳಿಹಾಕಲಾಗದು, ಬಿಟ್ಟುಹೋಗುವುದು ನಿಜವೇ. ಕಾರಣ ಮನೆಯಲ್ಲಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆದರೆ, ಮಾಡುವ ಗಂಡಸರು ಕಳೆಯುವುದು 88 ನಿಮಿಷ. ಆದರೆ ಕಾರಣ ಮನೆಯಲ್ಲಿದೆ ಎಂದು ಕಾರ್ಖಾನೆ ಕೈ ತೊಳೆದುಕೊಳ್ಳುವ ಹಾಗಿಲ್ಲ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೇರಿತು, ಐವತ್ತು ಮಂದಿ ಇರುವ ಎಲ್ಲ ಸಂಸ್ಥೆಗಳಿಗೂ ಶಿಶುವಿಹಾರದ ಹೊಣೆ ಬಂತು. ಇಷ್ಟು ವರ್ಷವಾದರೂ ಬೋರ್ಡು ಇದ್ದು ಮಗುವಿಲ್ಲದ ಕೋಣೆಗಳು ಎಷ್ಟೋ ಕಡೆ ಇವೆ. ಬಸ್ಸಿನ ಎರಡು ಗಂಟೆಯ ಪಯಣದಲ್ಲಿ ಕೂಸನ್ನು ಎತ್ತಿಕೊಂಡು ಬರುವುದಾಗದು ಎಂಬುದು ಒಂದು ಕಾರಣ. ಹಾಗಿದ್ದರೆ ಶಿಶುವಿಹಾರ ಊರಲ್ಲಿರಲಿ, ಕಾರ್ಖಾನೆ ಅದರ ಖರ್ಚು ಕೊಡಲಿ. ಬಿಟ್ಟುಹೋಗುವುದನ್ನು ತಡೆಯಲು ಏನೂ ಮಾಡದೆ, ಬಿಟ್ಟುಹೋಗುತ್ತಾರೆಂದು ಮೊದಲೇ ಹೊರಗಿಡುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಪಕ್ಕದ ತಮಿಳುನಾಡಿನಲ್ಲಿ ನೋಡಿದೆವು. ಶ್ರೀಪೆರಂಬುದೂರಿನ ಐಫೋನ್ ಜೋಡಣೆ ಕಾರ್ಖಾನೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಾರೆಂದು ರಾಯಿಟರ್ಸ್ 2024ರಲ್ಲಿ ವರದಿ ಮಾಡಿತು. ಕಂಪನಿ ಆ ಆರೋಪವನ್ನು ಒಪ್ಪಲಿಲ್ಲ. ಆದರೆ ಅಂಥ ಆಲೋಚನೆ ನಮ್ಮ ಕಡೆ ಇಲ್ಲ ಎಂದು ಯಾರು ಎದೆ ತಟ್ಟಿ ಹೇಳಬಲ್ಲರು?

ಇನ್ನು ಕೆಲವರು ಹೇಳುವುದುಂಟು, ವೃತ್ತಿಯಲ್ಲಿ ಮೇಲೇರುವ ಮಾತೆಲ್ಲ ಓದಿದ, ಪೇಟೆಯ ಹೆಣ್ಣುಮಕ್ಕಳ ಶೋಕಿ. ಇಲ್ಲಿಯವರಿಗೆ ಬೇಕಾದ್ದು ಅನ್ನ, ಈಗಂತೂ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ, ಬಸ್ಸು ಪುಕ್ಕಟೆ, ಇನ್ನು ದುಡಿಯುವ ಹಂಬಲವೇ ಇರುವುದಿಲ್ಲ ಎಂದು. ತಿಂಗಳಿಗೆ ಎರಡು ಸಾವಿರದಲ್ಲಿ ಸಂಸಾರ ಸಾಗುತ್ತದೆಂದು ನಂಬುವವರು ಒಮ್ಮೆ ಚನ್ನಪಟ್ಟಣದ ಸಂತೆಗೆ ಚೀಲ ಹಿಡಿದು ಹೋಗಿಬರಲಿ. 2023ರ ಜೂನ್ 11ರಿಂದ ಬಂದ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ನಿಜಕ್ಕೂ ಮಾಡಿದ್ದು ಬೇರೆ: ಕಡಿಮೆ ಸಂಬಳದ ಕೆಲಸಕ್ಕೂ ದೂರ ಹೋಗಿಬರುವುದನ್ನು ಗಿಟ್ಟುವಂತೆ ಮಾಡಿತು. ದೇಶದ ಅಂಕಿಗಳನ್ನು ನೋಡಿದರೆ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವ ಹೆಂಗಸರ ಪ್ರಮಾಣ 2017–18ರಲ್ಲಿ ನೂರಕ್ಕೆ 23.3 ಇದ್ದದ್ದು 2023–24ರಲ್ಲಿ 41.7ಕ್ಕೇರಿದೆ. ಇದನ್ನು ಕಂಡು ಹಿಗ್ಗುವ ಮೊದಲು ಏರಿಕೆ ಎಲ್ಲಿ ಆಯಿತು ಎಂಬುದನ್ನು ನೋಡಬೇಕು. ಹೆಚ್ಚಿನ ಪಾಲು ಹಳ್ಳಿಗಳಲ್ಲಿ, ಸ್ವಂತ ದುಡಿಮೆ ಎಂಬ ಪಟ್ಟಿಯಲ್ಲಿ. ಅದರಲ್ಲೂ ಮನೆಯ ಹೊಲ, ಅಂಗಡಿ, ಹುಳದ ಮನೆಯಲ್ಲಿ ಸಂಬಳವಿಲ್ಲದೆ ನೆರವಾಗುವವರು ದಂಡಿಯಾಗಿದ್ದಾರೆ. ಎಂದರೆ ಕೆಲಸಕ್ಕೆ ಬಂದವರು ಬಹಳ, ಸಂಬಳದ ಕೆಲಸಕ್ಕೆ ಸೇರಿದವರು ಕಡಿಮೆ, ಆ ಕೆಲಸದಲ್ಲಿ ಮೇಲೇರಿದವರು ಮತ್ತೂ ಕಡಿಮೆ. ಅನ್ನಕ್ಕಾಗಿ ದುಡಿಯುವವಳಿಗೆ ಆಸೆ ಇರಬಾರದೆಂಬ ನಿಯಮ ಗಂಡಸರ ವಿಷಯದಲ್ಲಿ ಯಾವತ್ತೂ ಇರಲಿಲ್ಲ. ಬಿಡದಿಯ ಕಾರ್ಖಾನೆಗೆ ಟ್ರೈನಿಯಾಗಿ ಸೇರಿದ ಹುಡುಗ ಪರ್ಮನೆಂಟ್ ಯಾವಾಗ ಎಂದು ಮೊದಲ ದಿನವೇ ಕೇಳುತ್ತಾನೆ, ಅದನ್ನು ಯಾರೂ ಶೋಕಿ ಎನ್ನುವುದಿಲ್ಲ.

ಹಾಗಾದರೆ ಈ ಸೀಮೆಯಲ್ಲಿ ಏನಾಗಬೇಕು? ಬಿಡದಿ, ಹಾರೋಹಳ್ಳಿಗಳ ಕೈಗಾರಿಕಾ ಪ್ರದೇಶಗಳು ಬೆಳೆಯುತ್ತಿವೆ, ಬಿಡದಿಯ ಪಕ್ಕ ಹೊಸ ನಗರವನ್ನೇ ಕಟ್ಟುವ ಮಾತಿದೆ. ಜಿಲ್ಲೆಯ ಹೆಸರನ್ನೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಿಸಿದ್ದು ಬಂಡವಾಳ ಬರಲಿ ಎಂದೇ. ಭೂಮಿ, ನೀರು, ತೆರಿಗೆ ರಿಯಾಯಿತಿ ಪಡೆಯುವ ಕಂಪನಿಗಳು ಎಷ್ಟು ಮಂದಿ ಸ್ಥಳೀಯರಿಗೆ, ಎಷ್ಟು ಮಂದಿ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟೆವೆಂದು ಲೆಕ್ಕ ಹೇಳುತ್ತವೆ. ಆ ಲೆಕ್ಕದಲ್ಲಿ ಇನ್ನೊಂದು ಕಾಲಂ ಸೇರಲಿ: ಐದು ವರ್ಷದ ಹಿಂದೆ ಹೆಲ್ಪರ್ ಆಗಿ ಸೇರಿದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಇನ್ನೂ ಇದ್ದಾರೆ, ಅವರಲ್ಲಿ ಎಷ್ಟು ಮಂದಿ ಲೈನ್ ನಡೆಸುತ್ತಿದ್ದಾರೆ? ರಿಯಾಯಿತಿ ಮುಂದುವರಿಯುವುದು ಆ ಉತ್ತರದ ಮೇಲೆ ನಿಲ್ಲಲಿ. ಕನಿಷ್ಠ ಕೂಲಿಯ ಅಧಿಸೂಚನೆಯಲ್ಲಿ ಸೇವೆಯ ವರ್ಷಕ್ಕೆ, ಕಷ್ಟದ ಆಪರೇಷನ್‌ಗಳಿಗೆ ಕಣ್ಣಿಗೆ ಕಾಣುವಷ್ಟು ಅಂತರ ಇಡಲು ಸರ್ಕಾರಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ರೇಷ್ಮೆ ಇಲಾಖೆಗೆ ಇನ್ನೂ ಸುಲಭದ ಕೆಲಸವಿದೆ: ಹುಳ ಸಾಕುವ ಹೆಣ್ಣುಮಗಳ ಹೆಸರು ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರಿನ ಜೊತೆಗೇ ಇರಲಿ, ಫಿಲೇಚರಿನಲ್ಲಿ ದುಡಿದ ವರ್ಷಗಳನ್ನು ಅನುಭವವೆಂದು ಎಣಿಸಿ ಗುಂಪಾಗಿ ರೀಲಿಂಗ್ ಪರವಾನಗಿ, ಗೂಡು ಕೊಳ್ಳಲು ದುಡಿಯುವ ಬಂಡವಾಳ ಕೊಡಲಿ. ಹಾಲಿನಲ್ಲಿ ಇದು ಆಗಿದೆ. ಮಹಿಳಾ ಹಾಲು ಉತ್ಪಾದಕರ ಸಂಘಗಳಲ್ಲಿ ಅಧ್ಯಕ್ಷೆಯೂ ಕಾರ್ಯದರ್ಶಿಯೂ ಹೆಂಗಸರೇ, ಬಟವಾಡೆಯ ಲೆಕ್ಕ ಅವರ ಕೈಯಲ್ಲೇ ನಡೆಯುತ್ತದೆ. ಅದೇ ಊರಿನ ಅದೇ ಹೆಂಗಸರು ರೇಷ್ಮೆಗೆ ಬಂದಾಗ ಮಾತ್ರ ಲೆಕ್ಕ ಬಾರದವರಾಗುವುದು ಹೇಗೆ ಎಂಬುದಕ್ಕೆ ಇಲಾಖೆಯೇ ಉತ್ತರ ಹೇಳಬೇಕು.

ಇವುಗಳಲ್ಲಿ ಯಾವುದೂ ಪುಕ್ಕಟೆಯಲ್ಲ. ಕೂಲಿಯ ಅಂತರ ಹೆಚ್ಚಿದರೆ ಹೊರದೇಶದ ಬ್ರ್ಯಾಂಡುಗಳು ಆರ್ಡರನ್ನು ಬಾಂಗ್ಲಾಕ್ಕೋ ವಿಯೆಟ್ನಾಮಿಗೋ ಒಯ್ಯುತ್ತವೆ ಎಂಬ ಭಯ ಬರೀ ಬೆದರಿಕೆಯಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಆರ್ಡರ್ ಇಲ್ಲವೆಂದು ಬಾಗಿಲು ಮುಚ್ಚಿದಾಗ ಸಾವಿರಕ್ಕೂ ಮೇಲ್ಪಟ್ಟು ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಬೀದಿಗೆ ಬಿದ್ದದ್ದನ್ನು ಈ ರಸ್ತೆಯ ಜನ ಮರೆತಿಲ್ಲ. ಆದರೆ ಅಗ್ಗದ ಕೈಗಳನ್ನೇ ನಂಬಿ ಕೂತ ಉದ್ದಿಮೆಯನ್ನು ಇನ್ನೂ ಅಗ್ಗದ ಕೈಗಳು ಒಂದಲ್ಲ ಒಂದು ದಿನ ಸೆಳೆದೇ ಸೆಳೆಯುತ್ತವೆ. ಬೆಂಗಳೂರಿನಿಂದ ಇಲ್ಲಿಗೆ ಸರಿದು ಬಂದ ಕಾರ್ಖಾನೆಗಳು ಅದೇ ಕಾರಣಕ್ಕೆ ಬಂದವು, ಅದೇ ಕಾರಣಕ್ಕೆ ಮುಂದಕ್ಕೂ ಹೋಗುತ್ತವೆ. ಹದಿನೈದು ವರ್ಷದ ಕೈಚಳಕವಿರುವ, ಲೈನ್ ನಡೆಸಬಲ್ಲ, ಹೊಸ ಯಂತ್ರವನ್ನು ವಾರದಲ್ಲಿ ಕಲಿಯಬಲ್ಲ ಹೆಂಗಸರು ಇರುವ ಜಾಗವನ್ನು ಬಿಟ್ಟುಹೋಗುವುದು ಮಾತ್ರ ಯಾವ ಕಂಪನಿಗೂ ಅಷ್ಟು ಸುಲಭವಲ್ಲ. ಅಂಥ ಕೈಗಳು ತಯಾರಾಗಬೇಕಾದರೆ ಹದಿನೈದು ವರ್ಷ ಅವರು ಒಂದೇ ಕಡೆ ಉಳಿಯಬೇಕು. ಉಳಿಯಲು ಇವತ್ತು ಅವರಿಗಿರುವ ಕಾರಣ ಪಿಎಫ್ ಒಂದೇ, ಅದೂ ಪೂರ್ತಿ ಕೈಗೆ ಬರುವುದು ಬಿಟ್ಟುಹೋದಾಗ.